ಅಪ್ಪನ ದಾರಿ ಕಾದ ರಾತ್ರಿ

ನಮ್ಮವ್ವನಿಗೆ ಎಂಬತ್ತು ದಾಟಿದೆ. ಒಂದು ಕಣ್ಣಿಗೆ ಮಂಜು ಕವಿದಿದೆ, ಇನ್ನೊಂದರಲ್ಲಿ ಈಗಲೂ ರಾಗಿಯೊಳಗಿನ ಕಲ್ಲು ಹುಡುಕುತ್ತಾಳೆ. ಹೋದ ಡಿಸೆಂಬರಿನಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ರಜೆಗೆಂದು ಊರಿಗೆ ಬಂದವನು ಲ್ಯಾಪ್‌ಟಾಪಿನಲ್ಲಿ ಒಂದು ಅಮೆರಿಕದ ಟೆಲಿವಿಷನ್ ನಾಟಕ ಹಾಕಿದ. 'ಸಾರ್, ನೋಡಿ, ಬಡವರ ಕತೆ' ಅಂದ. ಅವ್ವನೂ ಬಂದು ನನ್ನ ಪಕ್ಕ ಕಂಬಕ್ಕೊರಗಿ ಕೂತಳು. ಅವಳಿಗೆ ಇಂಗ್ಲಿಷು ಬಾರದು. ನಾನು ಹೇಳುತ್ತ ಹೋದೆ, ಅವಳು ನೋಡುತ್ತ ಹೋದಳು. ಎರಡು ಗಂಟೆಯೂ ಇಲ್ಲದ ಆ ಚಿತ್ರ ಮುಗಿಯಲು ನಮಗೆ ಮೂರು ರಾತ್ರಿ ಹಿಡಿಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಚಿತ್ರದ ಹೆಸರು 'ದಿ ಹೋಮ್‌ಕಮಿಂಗ್'. ಮನೆಗೆ ಮರಳುವುದು ಅಂತ ಅರ್ಥ. ಅಮೆರಿಕದ ಸಿಬಿಎಸ್ ಟೆಲಿವಿಷನ್ ಇದನ್ನು 1971ರ ಡಿಸೆಂಬರ್ 19ರಂದು, ಕ್ರಿಸ್‌ಮಸ್ಸಿಗೆ ಐದಾರು ದಿನವಿದ್ದಾಗ ತೋರಿಸಿತು. ಕತೆ ಬರೆದವನು ಅರ್ಲ್ ಹ್ಯಾಮ್ನರ್. ವರ್ಜೀನಿಯಾ ರಾಜ್ಯದ ಬ್ಲೂ ರಿಡ್ಜ್ ಬೆಟ್ಟಗಳ ಸೀಮೆಯ ಸ್ಕೈಲರ್ ಅನ್ನುವ ಸಣ್ಣ ಊರಿನವನು, 1923ರಲ್ಲಿ ಹುಟ್ಟಿದವನು, ಎಂಟು ಮಕ್ಕಳಲ್ಲಿ ಹಿರಿಯ. ಬರೆದಿದ್ದು ತನ್ನ ಮನೆಯದೇ ಕತೆ. ಆ ಊರಿನವರು ಬಾಳಿದ್ದು ಕಲ್ಲಿನ ಗಣಿಯಿಂದ. ಎಂಥ ಕಲ್ಲು ಗೊತ್ತೇ? ಬಳಪದ ಕಲ್ಲು! ನಮ್ಮ ಬೇಲೂರು, ಹಳೇಬೀಡಿನ ಗುಡಿ ಕಡೆದಿದ್ದಾರಲ್ಲ, ಅದೇ ಜಾತಿಯ ಕಲ್ಲು. 1929ರಲ್ಲಿ ಷೇರುಪೇಟೆ ಬಿತ್ತು, ಬ್ಯಾಂಕುಗಳು ಮುಳುಗಿದವು, ಮನೆ ಕಟ್ಟುವವರಿಲ್ಲ ಅಂದಮೇಲೆ ಕಲ್ಲು ಕೇಳುವವರು ಯಾರು? ಗಣಿ ನಿಂತಿತು. ಹ್ಯಾಮ್ನರನ ಅಪ್ಪ ವೇನ್ಸ್‌ಬರೊ ಅನ್ನುವ ಊರಿನ ಕಾರ್ಖಾನೆಗೆ ಸೇರಿದ. ವಾರವೆಲ್ಲ ಅಲ್ಲಿ, ವಾರದ ಕೊನೆಗೆ ಬಸ್ಸು ಹತ್ತಿ, ಇಳಿದು, ಉಳಿದ ದಾರಿ ನಡೆದು ಮನೆ ಸೇರುವುದು.

1933ರಲ್ಲಿ ಆ ದೇಶದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಆ ವರ್ಷದ ಮಾರ್ಚಿನಲ್ಲಿ ರೂಸ್‌ವೆಲ್ಟ್ ಅಧ್ಯಕ್ಷನಾದ. ಆ ವರ್ಷದ ಡಿಸೆಂಬರ್ 24ರ ಒಂದೇ ಹಗಲು, ಒಂದೇ ರಾತ್ರಿ, ಇಷ್ಟೇ ಚಿತ್ರ. ವಾಲ್ಟನ್ ಅನ್ನುವ ಮನೆತನ. ಅಜ್ಜ, ಅಜ್ಜಿ, ಅವ್ವ, ಏಳು ಮಕ್ಕಳು. ಹಬ್ಬಕ್ಕೆ ಬರಬೇಕಾದ ಅಪ್ಪ ಬಂದಿಲ್ಲ. ಹೊರಗೆ ಹಿಮ. ರೇಡಿಯೋದಲ್ಲಿ ಸುದ್ದಿ ಬರುತ್ತದೆ, ಎಲ್ಲೋ ಬಸ್ಸು ಅಪಘಾತವಾಗಿದೆ ಅಂತ. ಅವ್ವನ ಮುಖ ಕಲ್ಲಾಗುತ್ತದೆ. ಆ ಅವ್ವನ ಪಾತ್ರ ಮಾಡಿದ ಪೆಟ್ರಿಷಿಯಾ ನೀಲ್ 1965ರಲ್ಲಿ ಮಿದುಳಿನ ಆಘಾತದಿಂದ ಮಾತು, ನಡಿಗೆ ಎಲ್ಲ ಕಳೆದುಕೊಂಡು ಮತ್ತೆ ಕಲಿತು ಎದ್ದುಬಂದವಳು. ಆ ಮುಖಕ್ಕೆ ಬಣ್ಣದ ಹಂಗು ಬೇಕಿರಲಿಲ್ಲ.

ರೇಡಿಯೋ ಸುದ್ದಿ ಬಂದ ಕಡೆ ನಾನು ಚಿತ್ರ ನಿಲ್ಲಿಸಿದೆ. ಮೊದಲ ರಾತ್ರಿ ಅಲ್ಲಿಗೇ ಮುಗಿಯಿತು.

ಅವ್ವ ಕೇಳಿದಳು: 'ಯಾಕ್ಲಾ ಮಗ ನಿಲ್ಲಿಸ್ದೆ?'

'ಸುಮ್ನೆ ಕಣವ್ವ, ಕಣ್ಣುರಿ' ಅಂದೆ.

'ಪಟೇಲ್ರ ಜಗಲಿ ಗ್ಯಾಪ್ಕ ಬಂತಾ?' ಅಂದಳು.

ಮುಚ್ಚಿಡುವುದು ಹೇಗೆ? ಆ ರಾತ್ರಿ ಅವಳದೂ ಹೌದು.

1972ರಲ್ಲಿ ಮಳೆ ಕೈಕೊಟ್ಟಿತ್ತು. ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕು. ನಮ್ಮ ಕೇರಿಯಲ್ಲಿ ಯಾರಿಗೂ ಒಂದು ಕುಂಟೆ ಸ್ವಂತ ಭೂಮಿ ಇರಲಿಲ್ಲ. ಊರ ಹೊಲದಲ್ಲಿ ಕೆಲಸವಿದ್ದರೆ ನಮಗೆ ಹಿಟ್ಟು, ಇಲ್ಲದಿದ್ದರೆ ಇಲ್ಲ. ದೀಪಾವಳಿ ಆದಮೇಲೆ ಕೊಡಗಿನ ಕಾಫಿ ತೋಟದ ಮೇಸ್ತ್ರಿ ಬಂದ. 60 ರೂಪಾಯಿ ಮುಂಗಡ ಕೊಟ್ಟು ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ. ಕೇರಿಯ ಹನ್ನೊಂದು ಜನ ಒಂದು ಲಾರಿಯಲ್ಲಿ ಹೋದರು. ಹಣ್ಣು ಕುಯ್ದು ಮುಗಿದಮೇಲೆ, ಯುಗಾದಿಗೆ ಬಂದುಬಿಡ್ತೀನಿ ಅಂತ ಅಪ್ಪ ಹೇಳಿದ್ದ. ನನಗೆ ಆಗ ಹತ್ತು ವರ್ಷ.

ಯುಗಾದಿಯ ಹಿಂದಿನ ಸಂಜೆ ಚಿಕ್ಕಪ್ಪನೂ ನಾನೂ ಕೈಮರದ ಹತ್ತಿರ ಹೋಗಿ ನಿಂತೆವು. ಕೊನೇ ಬಸ್ಸು ಬಂತು. ಇಬ್ಬರು ಇಳಿದರು, ನಮ್ಮವರಲ್ಲ. ಇಳಿದವರಲ್ಲಿ ಒಬ್ಬ ಹೇಳಿದ, ಕೊಡಗಿನ ಕಡೆಯಿಂದ ಕೂಲಿಯವರನ್ನ ತುಂಬಿಕೊಂಡು ಬರ್ತಿದ್ದ ಲಾರಿ ಮಗುಚಿಕೊಂಡಿದೆಯಂತೆ ಅಂತ. ಅಂತೆ. ಆ 'ಅಂತೆ' ಹೊತ್ತುಕೊಂಡು ಮೂರು ಮೈಲಿ ಕತ್ತಲಲ್ಲಿ ನಡೆದು ಬಂದೆವು. ಅವ್ವ ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು ಊರೊಳಗೆ ಪಟೇಲರ ಮನೆ ಮುಂದೆ ಹೋದಳು. ಊರಿಗೆ ಇದ್ದುದು ಅದೊಂದೇ ರೇಡಿಯೋ. ನಾವು ಜಗಲಿ ಹತ್ತುವ ಹಾಗಿರಲಿಲ್ಲ. ಬೀದಿಯಲ್ಲಿ ನಿಂತು ಅವ್ವ ಕೂಗಿದಳು: 'ಬುದ್ಧೀ, ರೇಡಿಯಾದಲ್ಲಿ ಏನಾರ ಏಳಿದ್ರಾ, ಲಾರಿ ಇಸ್ಯ?' ಒಳಗೆ ರೇಡಿಯೋ ಹಾಡುತ್ತಿತ್ತು. ಹೋಳಿಗೆಯ ವಾಸನೆ ಬರುತ್ತಿತ್ತು. ಎರಡನೇ ಸಲ ಕೂಗಿದ ಮೇಲೆ ಯಾರೋ ಒಳಗಿಂದಲೇ ಅಂದರು: 'ಕೂಲಿಯವರ ಲಾರಿ ಬಿದ್ರೆ ರೇಡಿಯೋದಲ್ಲಿ ಹೇಳ್ತಾರೇನೇ? ಹೋಗು ಹೋಗು.'

ವಾಲ್ಟನ್ನರ ಮನೆಯಲ್ಲಿ ರೇಡಿಯೋ ಇತ್ತು, ಗೆಳೆಯರೇ. ಸುದ್ದಿ ಕೇಳಿ ಹೆದರುವ ಭಾಗ್ಯವಾದರೂ ಅವರಿಗಿತ್ತು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಆ ಅವ್ವ ಕಿಟಕಿಯಲ್ಲಿ ನಿಂತು ಹಿಮ ನೋಡುವುದನ್ನು ಕಂಡಾಗ ನನ್ನ ಹೊಟ್ಟೆಯೂ ಕಲಸಿತು. ಬಡವರ ಹೊಟ್ಟೆಯುರಿ ಎಲ್ಲ ದೇಶದಲ್ಲೂ ಒಂದೇ ಅಂತ ಸಭೆಗಳಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡವನು ನಾನು. ಆದರೆ ಅವ್ವ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ.

ಎರಡನೇ ರಾತ್ರಿ ಅವಳು ಶುರುಮಾಡಿದಳು.

'ಇವ್ರು ಬಡವ್ರಾ ಮಗ? ಮನೆ ನೋಡು, ಮಾಳಿಗೆ ಮನೆ. ಹಸ ಕಟ್ಟವ್ರೆ. ಸಕ್ರೆ ಹಾಕಿ ಅದೇನೋ ಬೇಯಿಸ್ತಾವ್ರೆ.'

'ಕಷ್ಟದ ಕಾಲ ಕಣವ್ವ. ಊರಲ್ಲಿ ಕೆಲ್ಸ ಇಲ್ಲ, ಅದಕ್ಕೇ ಅವನು ಪರಊರಿಗೆ ಹೋಗವ್ನೆ.'

'ಕೆಲ್ಸ ಇಲ್ದಿದ್ರೆ ಏನು, ಬೆಟ್ಟ ಪೂರಾ ಅವರ್ದೇ ಅಂತೀಯಲ್ಲ. ಭೂಮಿ ಇದ್ದೋನಿಗೆ ಕಷ್ಟ ಬತ್ತದೆ, ಹೊಯ್ತದೆ.'

ಇಷ್ಟನ್ನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿ ತಿಳಿಯಲು ನನಗೆ ಕಾಲೇಜಿನ ಮೂರು ವರ್ಷ ಬೇಕಾಯಿತು. ವಾಲ್ಟನ್ನರಿಗೆ ಬಂದಿದ್ದು ದುಡ್ಡಿನ ಬರ. ಕಾಲಕೆಳಗಿನ ನೆಲ ಅವರದೇ. ಸೌದೆ ಅವರ ಕಾಡಿನದೇ, ಹಾಲು ಅವರ ಕೊಟ್ಟಿಗೆಯದೇ. ಅದೇ ವರ್ಜೀನಿಯಾದಲ್ಲಿ, ಅದೇ ಕ್ರಿಸ್‌ಮಸ್ ರಾತ್ರಿ, ಇನ್ನೊಬ್ಬರ ಹೊಲದಲ್ಲಿ ಪಾಲಿಗೆ ದುಡಿದು ಇನ್ನೊಬ್ಬರ ಅಡುಗೆಮನೆಯಲ್ಲಿ ಪಾತ್ರೆ ಬೆಳಗಿದ ಕರಿಯರ ಮನೆಗಳೂ ಇದ್ದವು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಮುಪ್ಪಿನ ಕಾಲಕ್ಕೆ ಪಿಂಚಣಿ, ಕೆಲಸ ಹೋದರೆ ಭತ್ಯ ಅಂತ ಸಾಮಾಜಿಕ ಭದ್ರತೆಯ ಕಾನೂನು ಮಾಡಿತು. ದೊಡ್ಡ ಕಾನೂನು, ಅನುಮಾನವಿಲ್ಲ. ಆದರೆ ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ಅದರಿಂದ ಹೊರಗಿಟ್ಟರು. ಕರಿಯ ದುಡಿಮೆಗಾರರಲ್ಲಿ ಅರ್ಧಕ್ಕೂ ಹೆಚ್ಚು ಜನ ಮಾಡುತ್ತಿದ್ದದ್ದು ಆ ಎರಡೇ ಕೆಲಸ. ಕಾನೂನಿನಲ್ಲಿ ಬಣ್ಣದ ಹೆಸರು ಎಲ್ಲೂ ಇರಲಿಲ್ಲ, ನೋಡಿ. ನಮ್ಮವರಿಗೂ ಈ ಜಾಣತನ ಚೆನ್ನಾಗಿ ಗೊತ್ತು.

ಚಿತ್ರದಲ್ಲಿ ಒಂದು ದೃಶ್ಯವಿದೆ. ಊರಿನ ಅಂಗಡಿಗೆ ಪಟ್ಟಣದಿಂದ ಒಬ್ಬ ಧರ್ಮಪ್ರಚಾರದ ಹೆಂಗಸು ಬರುತ್ತಾಳೆ, ಬೆಟ್ಟದ ಬಡ ಮಕ್ಕಳಿಗೆ ಹಬ್ಬದ ಉಡುಗೊರೆ ಹಂಚಲು. ಷರತ್ತು ಒಂದೇ. ಬೈಬಲಿನ ಒಂದು ವಾಕ್ಯ ಬಾಯಿಪಾಠ ಒಪ್ಪಿಸಬೇಕು. ಒಪ್ಪಿಸಿದ ಮಗುವಿಗೆ ಕಾಗದ ಸುತ್ತಿದ ಪೊಟ್ಟಣ. ವಾಲ್ಟನ್ನರ ಪುಟ್ಟ ಹುಡುಗಿ ಆಸೆಯಿಂದ ಬಿಚ್ಚಿದರೆ ಒಳಗೆ ಮುಖ ಒಡೆದ ಗೊಂಬೆ.

ಈ ದೃಶ್ಯ ಬಂದಾಗ ನಾನು ಅವ್ವನಿಗೆ ಏನೂ ಹೇಳಲಿಲ್ಲ. ಅವಳಿಗೆ ಇದು ತಿಳಿಯದು. ನಾನು ಯಾವತ್ತೂ ಹೇಳಿರಲಿಲ್ಲ.

ಆ ಬರದ ವರ್ಷ ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದ ಗೋಧಿ ರವೆಯ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ಕೊಡುತ್ತಿದ್ದರು. ಕೇರ್ ಅನ್ನುವ ಸಂಸ್ಥೆ ಕಳಿಸಿದ್ದು. ನನ್ನ ವಯಸ್ಸಿನ ಮೇಷ್ಟ್ರುಗಳಿಗೆಲ್ಲ ಆ ಚೀಲಗಳ ನೆನಪಿರುತ್ತದೆ. ವಾಲ್ಟನ್ನರ ಕತೆಯನ್ನು ಅಮೆರಿಕದ ಮಕ್ಕಳು ನೋಡುತ್ತಿದ್ದ ಅದೇ ಕಾಲಕ್ಕೆ ಅವರ ಗೋಧಿ ನಮ್ಮ ಹೊಟ್ಟೆಯಲ್ಲಿತ್ತು. ಗೋಧಿ ಏಳು ಸಮುದ್ರ ದಾಟಿ ಬಂತು, ನಮ್ಮ ಎಲೆಯ ಹತ್ತಿರ ಬರುವಾಗ ಮಾತ್ರ ಒಂದು ಮೊಳ ಮೇಲಿಂದ ಬಿತ್ತು. ನಾವು ಏಳು ಜನ ಕೇರಿಯ ಹುಡುಗರು ಹುಣಸೇಮರದ ಬುಡದಲ್ಲಿ ಬೇರೆ ಕೂರುತ್ತಿದ್ದೆವು.

ಒಂದು ದಿನ ಪಟ್ಟಣದಿಂದ ಯಾರೋ ದೊಡ್ಡವರು ಹಳೇ ಬಟ್ಟೆಯ ಗಂಟು ತಂದರು. ಒಂದು ಶ್ಲೋಕ ಹೇಳಿದ ಹುಡುಗನಿಗೆ ಒಂದು ಅಂಗಿ. ಊರ ಹುಡುಗರು ಸಾಲಾಗಿ ಹೇಳಿದರು, ತೆಗೆದುಕೊಂಡರು. ನನ್ನ ಸರದಿ ಬಂತು. ನಮಗೆ ಶ್ಲೋಕ ಹೇಳಿಕೊಟ್ಟವರು ಯಾರು? ಗೊತ್ತಿದ್ದುದು ಅವ್ವ ಬೀಸುವಾಗ ಹಾಡುತ್ತಿದ್ದ ಮಾದಪ್ಪನ ಪದ. ಕಣ್ಣು ಮುಚ್ಚಿ ಅದನ್ನೇ ಹಾಡಿದೆ. ನಗು ಎದ್ದಿತು. ಬಂದಿದ್ದವರೂ ನಕ್ಕರು, ಒಳ್ಳೆಯ ಮನಸ್ಸಿನಿಂದಲೇ ನಕ್ಕರು ಅಂತ ಈಗ ಅನ್ನಿಸುತ್ತದೆ. ಮೇಷ್ಟ್ರು ಅಂದರು: 'ಅವಕ್ಕೆ ಬರಲ್ಲ ಸ್ವಾಮಿ, ಹಂಗೇ ಎಸೆದುಬಿಡಿ.' ಎಸೆದರು. ನನ್ನ ಮಂಡಿ ಮುಟ್ಟುವಷ್ಟು ಉದ್ದದ ಅಂಗಿ, ಗುಂಡಿ ಒಂದೂ ಇರಲಿಲ್ಲ. ಅವ್ವನಿಗೆ 'ಮೇಷ್ಟ್ರು ಕೊಟ್ರು' ಅಂತ ಮಾತ್ರ ಹೇಳಿದೆ. ಅವಳು ಗುಂಡಿಯ ಬದಲು ದಾರ ಕಟ್ಟಿಕೊಟ್ಟಳು. ಮೂರು ವರ್ಷ ಹಾಕಿಕೊಂಡೆ. ಮಾದಪ್ಪನ ಪದವನ್ನು ಬಾಯಿಬಿಟ್ಟು ಹಾಡಲು ಮುಂದೆ ಇಪ್ಪತ್ತು ವರ್ಷ ಹಿಡಿಯಿತು.

ಹ್ಯಾಮ್ನರ್ ಆ ಒಡೆದ ಗೊಂಬೆಯನ್ನು ಬರೆದದ್ದಕ್ಕೆ ನಾನು ಅವನಿಗೆ ಸಲಾಮು ಹೊಡೆಯುತ್ತೇನೆ. ಹಬ್ಬದ ನಾಟಕವೆಂದರೆ ದಾನಿಗಳನ್ನು ದೇವರಂತೆ ತೋರಿಸುವುದೇ ರೂಢಿ. ದಾನ ತೆಗೆದುಕೊಳ್ಳುವ ಮಗುವಿನ ಮುಖ ತೋರಿಸುವ ಧೈರ್ಯ ಎಷ್ಟು ಜನಕ್ಕಿದೆ?

ಇನ್ನೊಂದು ಮೆಚ್ಚಿಗೆಯನ್ನೂ ಹೇಳಿಬಿಡುತ್ತೇನೆ. ಚಾರ್ಲಿ ಸ್ನೀಡ್ ಅಂತ ಒಬ್ಬ ಬರುತ್ತಾನೆ. ಕದ್ದ ಟರ್ಕಿ ಕೋಳಿಗಳನ್ನು ಬಡವರ ಮನೆಗೆ ಹಂಚುವವನು. ಹಬ್ಬದ ರಾತ್ರಿಯೇ ಷರೀಫ್ ಅವನನ್ನು ಹಿಡಿದುಹಾಕುತ್ತಾನೆ. ಅದೇ ಊರಿನಲ್ಲಿ ಬಾಲ್ಡ್ವಿನ್ ಅನ್ನುವ ಇಬ್ಬರು ಮುದುಕಿಯರಿದ್ದಾರೆ, ದೊಡ್ಡ ಮನೆತನದ ಅಕ್ಕತಂಗಿಯರು. ಅಪ್ಪನಿಂದ ಬಂದ ಪಾಕ ಅಂತ ಮನೆಯಲ್ಲೇ ಸಾರಾಯಿ ಭಟ್ಟಿ ಇಳಿಸುತ್ತಾರೆ. ಅದನ್ನು ಸಾರಾಯಿ ಅಂತ ಅವರು ಅನ್ನುವುದೂ ಇಲ್ಲ. ಆ ದೇಶದ ಸಂವಿಧಾನದಿಂದ ಪಾನನಿಷೇಧ ತೆಗೆದುಹಾಕಿದ್ದು 1933ರ ಡಿಸೆಂಬರ್ 5ಕ್ಕೆ. ಕತೆ ನಡೆಯುವುದು ಅದಾದ 19 ದಿನಕ್ಕೆ. ಅಲ್ಲಿಯವರೆಗೆ ಹದಿಮೂರು ವರ್ಷ ಆ ಮುದುಕಿಯರ ಬಾಗಿಲಿಗೆ ಯಾವ ಷರೀಫ್ ಹೋಗಿದ್ದ? ದೊಡ್ಡ ಮನೆಯಲ್ಲಿ ಕಾಸಿದರೆ ಕಷಾಯ, ಕೇರಿಯಲ್ಲಿ ಕಾಸಿದರೆ ಕಳ್ಳಭಟ್ಟಿ. ಚಿತ್ರ ಇದನ್ನು ನಗೆಯಾಗಿ ತೋರಿಸುತ್ತದೆ. ನಮಗೂ ನಗು ಬಂತು, ಬೇರೆ ಕಾರಣಕ್ಕೆ.

ಹಿರಿಯ ಮಗ ಜಾನ್‌ಬಾಯ್. ಹದಿನೈದರ ಆಸುಪಾಸಿನ ಹುಡುಗ. ಕೋಣೆಯ ಬಾಗಿಲು ಹಾಕಿಕೊಂಡು ಏನೋ ಮಾಡುತ್ತಾನೆ ಅಂತ ಅವ್ವನಿಗೆ ಅನುಮಾನ. ಕೆಟ್ಟ ಚಟವಿರಬಹುದು ಅಂತ ಹಿಡಿದು ಕೇಳಿದರೆ, ಅವನು ಬರೆಯುತ್ತಿರುತ್ತಾನೆ. ಬರೆಯುವುದನ್ನು ಕಳ್ಳತನದಂತೆ ಬಚ್ಚಿಟ್ಟಿರುತ್ತಾನೆ, ಅಪ್ಪನಿಗೆ ತಿಳಿದರೆ ಏನನ್ನುತ್ತಾನೋ ಅಂತ. ಆ ಅಪ್ಪನನ್ನು ಹುಡುಕಿ ತಾ ಅಂತಲೇ ಅವ್ವ ಅವನನ್ನು ರಾತ್ರಿ ಹೊರಗೆ ಕಳಿಸುವುದು.

ಹುಡುಕುತ್ತ ಹೋದ ಹುಡುಗ ಕರಿಯರ ಚರ್ಚಿಗೆ ಬರುತ್ತಾನೆ. ಒಳಗೆ ಹಾಡು, ಚಪ್ಪಾಳೆ, ಬೆಳಕು. ಅಲ್ಲಿನ ಪಾದ್ರಿ ಹಾಥಾರ್ನ್ ಡೂಲಿ, ಆ ಪಾತ್ರದಲ್ಲಿ ಕ್ಲೀವನ್ ಲಿಟಲ್ ಅನ್ನುವ ಒಳ್ಳೆಯ ನಟ. ಬಿಳಿಯ ಹುಡುಗನ ಸಂಕಟ ಕೇಳಿ ಅವನ ಜೊತೆ ಬಾಲ್ಡ್ವಿನ್ ಮುದುಕಿಯರ ಮನೆಯತನಕ ಹೋಗುತ್ತಾನೆ. ನನ್ನ ವಿದ್ಯಾರ್ಥಿ ಹೇಳಿದ: 'ನೋಡಿ ಸಾರ್, 1971ರಲ್ಲೇ ಎಷ್ಟು ಚೆನ್ನಾಗಿ ತೋರಿಸಿದ್ದಾರೆ, ಭೇದವೇ ಇಲ್ಲ.'

ಅವ್ವ ಸುಮ್ಮನಿದ್ದಳು. ಆಮೇಲೆ ಕೇಳಿದಳು: 'ಆ ಕಪ್ಪನೆ ಅಯ್ಯ ಹಬ್ಬದ ದಿನ ಚರ್ಚು ಬುಟ್ಟು ಈ ಹುಡುಗನ ಜೊತೆ ಹೊಂಟ್ನಲ್ಲ, ಅವನ ಮನೇಲಿ ಯಾರೂ ದಾರಿ ಕಾಯ್ತಿರ್ನಿಲ್ವಾ?'

ವಿದ್ಯಾರ್ಥಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಚಿತ್ರದಲ್ಲಿ ಅದಿಲ್ಲ. ಡೂಲಿಯ ಮನೆ ಎಲ್ಲಿ, ಅವನ ಮಕ್ಕಳು ಓದುವ ಶಾಲೆ ಯಾವುದು, ಅವನು ಓಟು ಹಾಕುತ್ತಾನೋ ಇಲ್ಲವೋ, ಒಂದೂ ಇಲ್ಲ. ಆ ಕಾಲದ ವರ್ಜೀನಿಯಾದಲ್ಲಿ ಓಟು ಹಾಕಲು ತಲೆಗಂದಾಯ ಕಟ್ಟಬೇಕಿತ್ತು. 1902ರ ಅವರ ರಾಜ್ಯ ಸಂವಿಧಾನದಲ್ಲಿ ಅದನ್ನು ಸೇರಿಸಿದ್ದೇ ಕರಿಯರನ್ನು ದೂರವಿಡಲು. ಶಾಲೆಗಳು ಬೇರೆಬೇರೆ. ಮುಂದೆ, ಬೇರೆ ಕೂರಿಸಬಾರದು ಅಂತ ಸುಪ್ರೀಂ ಕೋರ್ಟು 1954ರಲ್ಲಿ ಹೇಳಿದ ಮೇಲೆ ಅದೇ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಏನು ಮಾಡಿದರು ಗೊತ್ತೇ? ಕರಿಯ ಮಕ್ಕಳ ಜೊತೆ ಕೂರುವುದಕ್ಕಿಂತ ಶಾಲೆಯೇ ಬೇಡ ಅಂತ 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕರಿಯ ಮಕ್ಕಳಲ್ಲಿ ಎಷ್ಟೋ ಮಂದಿಗೆ ಐದು ವರ್ಷ ಅಕ್ಷರವೇ ಇಲ್ಲ. ಡೂಲಿಯಂಥವರ ಮೊಮ್ಮಕ್ಕಳ ಕಾಲ ಅದು.

ಇದನ್ನೆಲ್ಲ ಎರಡು ಗಂಟೆಯ ಹಬ್ಬದ ಕತೆಯಲ್ಲಿ ತುರುಕಬೇಕಿತ್ತು ಅಂತ ನಾನು ಹೇಳುವುದಿಲ್ಲ. ಹ್ಯಾಮ್ನರ್ ತಾನು ಕಂಡ ಮನೆ ಬರೆದ, ಪ್ರಾಮಾಣಿಕವಾಗಿ ಬರೆದ. ನನ್ನ ತಕರಾರು ಆ ಮನೆಯನ್ನು ಆಮೇಲೆ ಇಡೀ ದೇಶದ ಮನೆ ಮಾಡಿಕೊಂಡವರ ಮೇಲೆ. ಜನ ಮೆಚ್ಚಿದರೆಂದು 1972ರಲ್ಲಿ 'ದಿ ವಾಲ್ಟನ್ಸ್' ಅನ್ನುವ ಧಾರಾವಾಹಿ ಶುರುವಾಗಿ 1981ರವರೆಗೆ ನಡೆಯಿತು. 1992ರಲ್ಲಿ ಅಧ್ಯಕ್ಷ ಹಿರಿಯ ಬುಷ್, ಅಮೆರಿಕದ ಕುಟುಂಬಗಳು ಸಿಂಪ್ಸನ್ನರಂತಲ್ಲ, ವಾಲ್ಟನ್ನರಂತಾಗಬೇಕು ಅಂತ ಭಾಷಣ ಮಾಡಿದ. ಸಿಂಪ್ಸನ್ನರೆಂದರೆ ತುಂಟತನದ ವ್ಯಂಗ್ಯಚಿತ್ರದ ಕುಟುಂಬ. ಆ ಕಾರ್ಯಕ್ರಮದವರು ತಕ್ಷಣ ತಿರುಗೇಟು ಕೊಟ್ಟರು: ನಾವೂ ವಾಲ್ಟನ್ನರ ಹಾಗೇ ಸ್ವಾಮಿ, ಈ ಆರ್ಥಿಕ ಕುಸಿತ ಮುಗಿಯಲಿ ಅಂತ ಬೇಡಿಕೊಳ್ಳುತ್ತಿದ್ದೇವೆ ಅಂತ. ಅಧಿಕಾರದಲ್ಲಿ ಇರುವವರಿಗೆ ಹಳೇ ಬಡತನ ಅಂದರೆ ಬಲು ಪ್ರೀತಿ. ಅದು ಸಂಬಳ ಕೇಳುವುದಿಲ್ಲ.

ಅಂದಹಾಗೆ ಆ ಧಾರಾವಾಹಿಯಲ್ಲಿ ಅಜ್ಜನ ಪಾತ್ರ ಮಾಡಿದ ವಿಲ್ ಗೀರ್ ಎಂಥವನು ಅಂತ ಬುಷ್‌ಗೆ ಯಾರೂ ಹೇಳಿರಲಿಕ್ಕಿಲ್ಲ. ಎಡಪಂಥೀಯ. 1930ರ ದಶಕದ ಕೊನೆಗೆ ಹಾಡುಗಾರ ವುಡಿ ಗತ್ರಿ ಜೊತೆ ಕ್ಯಾಲಿಫೋರ್ನಿಯಾದ ವಲಸೆ ಕೂಲಿಗಳ ಶಿಬಿರಗಳನ್ನು ಸುತ್ತಿದವನು. 1951ರಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಬಾಯಿಬಿಡಲಿಲ್ಲವೆಂದು ವರ್ಷಗಟ್ಟಲೆ ಅವನಿಗೆ ಸಿನಿಮಾದಲ್ಲಿ ಕೆಲಸ ಕೊಡಲಿಲ್ಲ. ಅಂಥವನನ್ನು ದೇಶ ಕೊನೆಗೆ 'ಅಜ್ಜ' ಅಂತ ಒಪ್ಪಿಕೊಂಡಿತು. ಇನ್ನು ಅಪ್ಪನ ಪಾತ್ರದ ರಾಲ್ಫ್ ವೇಟ್, 1977ರ 'ರೂಟ್ಸ್' ಧಾರಾವಾಹಿಯಲ್ಲಿ ಆಫ್ರಿಕದಿಂದ ಗುಲಾಮರನ್ನು ತುಂಬಿ ತರುವ ಹಡಗಿನ ಅಧಿಕಾರಿಯಾದ. ಆ ವಾರ ನೋಡಿದವರಿಗೆ ಎದೆ ಧಸಕ್ಕೆಂದಿರಬೇಕು. ಎಲ್ಲರ ಅಪ್ಪನ ಮುಖ, ಕೈಯಲ್ಲಿ ಸಂಕೋಲೆ.

ಮೂರನೇ ರಾತ್ರಿ ಕೊನೆಯ ಭಾಗ ನೋಡಿದೆವು. ಹುಡುಗ ಅಪ್ಪನಿಲ್ಲದೆ ಬರಿಗೈಲಿ ಮನೆಗೆ ಬರುತ್ತಾನೆ. ಆಮೇಲೆ ಅಪ್ಪ ತಾನೇ ಬರುತ್ತಾನೆ, ಸಾಮಾನಿನ ಮೂಟೆ ಸಮೇತ. ಮಾಳಿಗೆಯ ಮೇಲೆ ಸಾಂತಾಕ್ಲಾಸ್ ಮುದುಕನನ್ನು ಹಿಡಿದು ಕಿತ್ತುಕೊಂಡು ಬಂದೆ ಅಂತ ಮಕ್ಕಳಿಗೆ ಬುರುಡೆ ಬಿಡುತ್ತಾನೆ. ಜಾನ್‌ಬಾಯ್‌ಗೆ ತಂದಿರುವುದು ಬರೆಯುವ ಪುಸ್ತಕಗಳು. ಅಪ್ಪನಿಗೆ ಎಲ್ಲ ಗೊತ್ತಿತ್ತು.

ನಮ್ಮಪ್ಪ ಬಂದದ್ದು ಯುಗಾದಿ ಕಳೆದು, ಹೊಸತೊಡಕೂ ಕಳೆದು, ಮೂರನೇ ದಿನ ಬೆಳಗಿನ ಜಾವ. ಮಗುಚಿದ್ದು ಬೇರೆ ಲಾರಿ. ಅದರಲ್ಲಿ ಯಾರಿದ್ದರು ಅಂತ ನಾವು ಕೇಳಲಿಲ್ಲ, ಕೇಳಬೇಕು ಅಂತ ಹೊಳೆಯಲೂ ಇಲ್ಲ. ಮೇಸ್ತ್ರಿ ಮುಂಗಡ ಮುರಿದುಕೊಂಡು, ಅಕ್ಕಿ, ಎಣ್ಣೆ, ಜ್ವರದ ಮಾತ್ರೆ ಅಂತ ಲೆಕ್ಕ ತೋರಿಸಿ, ಇನ್ನೂ ನೀನೇ ಕೊಡಬೇಕು ಅಂದಿದ್ದನಂತೆ. ಬಸ್ಸಿಗೆ ಕಾಸಿಲ್ಲದೆ ಹುಣಸೂರಿನಿಂದ ಅಪ್ಪ ನಡೆದೇ ಬಂದಿದ್ದ. ಟವೆಲ್ಲಿನಲ್ಲಿ ಸುತ್ತಿ ಒಂದು ವಸ್ತು ತಂದಿದ್ದ. ತೋಟದ ರೈಟರು ಎಸೆದಿದ್ದ ಹಳೇ ಹಾಜರಿ ಪುಸ್ತಕ. ಒಂದು ಮಗ್ಗುಲಲ್ಲಿ ಕೂಲಿಗಳ ಹೆಸರು, ಹೆಬ್ಬೆಟ್ಟಿನ ಗುರುತು. ಹಿಂದಿನ ಮಗ್ಗುಲು ಖಾಲಿ. 'ಬರ್ಕೋ ಮಗ' ಅಂದ. ಅಪ್ಪನಿಗೆ ಅದರಲ್ಲಿ ತನ್ನ ಹೆಸರು ಎಲ್ಲಿದೆ ಅಂತ ಓದಲು ಬರುತ್ತಿರಲಿಲ್ಲ. ನಾನು ಹುಡುಕಿ ತೋರಿಸಿದೆ. ಅದರ ಮುಂದೆ ಹದಿನಾಲ್ಕು ದಿನ ಗೈರುಹಾಜರಿ ಅಂತ ಇತ್ತು. 'ಒಂದ್ ದಿನಾನೂ ತಪ್ಪಿಸ್ನಿಲ್ಲ ಕಣ್ಲಾ' ಅಂದ ಅಪ್ಪ. ಆಮೇಲೆ ಬಹಳ ಹೊತ್ತು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ.

ಆ ಹಾಳೆಗಳ ಹಿಂದೆಯೇ ನಾನು ಮೊದಲು ಬರೆದದ್ದು.

ಚಿತ್ರ ಮುಗಿಯಿತು. ಆ ಮನೆಯ ದೀಪ ಒಂದೊಂದಾಗಿ ಆರಿತು, ಒಳಗಿನಿಂದ ಮಲಗುವ ಮಾತುಗಳು ಕೇಳಿಸಿದವು. ಅವ್ವ ಕೇಳಿದಳು:

'ಆಯಪ್ಪ ಸಂಬಳ ತಂದ್ನಾ?'

'ಕೈಯಲ್ಲಿದ್ದ ದುಡ್ಡನ್ನ ಮಕ್ಕಳ ಸಾಮಾನಿಗೆ ಹಾಕ್ದ ಕಣವ್ವ.'

'ಬುದ್ಧಿ ಇಲ್ಲ' ಅಂದಳು. 'ನಾಳೀಕೆ ಏನ್ ತಿಂತಾರಂತೆ?'

ಎದ್ದು ಒಳಗೆ ಹೋದವಳು ಹೊಸಲಿನ ಹತ್ತಿರ ನಿಂತು ತಿರುಗಿದಳು.

'ಮಗ, ಅದು ಹಿಂದಕ್ಕೆ ಹೊಯ್ತದಾ?'

'ಹೊಯ್ತದೆ.'

'ಆಯಪ್ಪ ಬಾಗ್ಲು ತಕ್ಕೊಂಡು ಒಳಿಕ್ಕೆ ಬತ್ತಾನಲ್ಲ, ಅದ ಇನ್ನೊಂದ್ಸಲ ತೋರ್ಸು' ಅಂದಳು.